ಅಂಗೈಯಗಲದ ಶಿಲ್ಪ

ಪದಕ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಶಾಲೆಯ ವಾರ್ಷಿಕೋತ್ಸವ. ಓಟದಲ್ಲಿ ಗೆದ್ದವರ ಕೊರಳಿನಲ್ಲಿ ರಿಬ್ಬನ್ ಸಮೇತ ತೂಗುವ, ಎರಡು ಮಳೆಗಾಲ ಕಳೆಯುವುದರೊಳಗೆ ಮೆರುಗು ಹೋಗಿ ಒಳಗಿನ ತಗಡು ಕಾಣಿಸುವ ಬಿಲ್ಲೆ. ಅದನ್ನು ಮಾಡಿದವರು ಯಾರೆಂದು ಯಾರೂ ಕೇಳುವುದಿಲ್ಲ. ಕೇಳುವಂಥದ್ದು ಅದರಲ್ಲಿ ಇರುವುದೂ ಇಲ್ಲ.

ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಇನ್ನೊಂದು ಬಗೆಯ ಪದಕ ಬೆಳೆಯಿತು. ಅದು ಬಹುಮಾನಕ್ಕಲ್ಲ, ಕೊರಳಿಗೂ ಅಲ್ಲ. ಕೈಯಲ್ಲಿ ಹಿಡಿದು, ಬೆಳಕಿಗೆ ಓರೆ ಮಾಡಿ, ಹಿಂದುಮುಂದು ತಿರುಗಿಸಿ ನೋಡುವುದಕ್ಕೆ. ಚೌಕದಲ್ಲಿ ಆಳೆತ್ತರದ ಪ್ರತಿಮೆಗಳನ್ನು ನಿಲ್ಲಿಸುತ್ತಿದ್ದ ಶಿಲ್ಪಿಗಳೇ ಅವನ್ನು ರೂಪಿಸಿದರು. ಸುಮಾರು ಮೂರು ಅಂಗುಲ ಅಗಲದ, ಕೈಗೆ ಒಳ್ಳೆಯ ಭಾರ ಕೊಡುವ ಕಂಚಿನ ಬಿಲ್ಲೆಗಳು. ಸಾಧಾರಣ ಅನುಕೂಲದ ಮನೆಯವರೂ ಚಂದಾ ಕಟ್ಟಿ ಅವನ್ನು ತರಿಸಿಕೊಂಡರು, ಮೇಜಿನ ಖಾನೆಯಲ್ಲಿ ಜೋಡಿಸಿಟ್ಟರು. ಈ ಸಂಗ್ರಹದ ಇತಿಹಾಸದ ನಡುವೆ ಒಬ್ಬ ಹೆಂಗಸು ನಿಂತಿದ್ದಾಳೆ. ಹೆಸರು ಲಾರಾ ಗಾರ್ಡಿನ್ ಫ್ರೇಸರ್. ನಾನು ಹೇಳಹೊರಟಿರುವುದು ಮುಖ್ಯವಾಗಿ ಆಕೆಯ ಕಥೆ. ಆದರೆ ಅದಕ್ಕೆ ಮೊದಲು ಒಂದು ಜಗಳದ ವಿಷಯ ಹೇಳಬೇಕು.

1893ರಲ್ಲಿ ಶಿಕಾಗೋದಲ್ಲಿ ನಡೆದ ವಿಶ್ವ ಪ್ರದರ್ಶನವನ್ನು ನಾವು ವಿವೇಕಾನಂದರ ಭಾಷಣದಿಂದಾಗಿ ನೆನೆಯುತ್ತೇವೆ. ಅದೇ ಪ್ರದರ್ಶನದಲ್ಲಿ ಗೆದ್ದವರಿಗೆ ಕೊಡಲು ಒಂದು ಪದಕ ಬೇಕಾಯಿತು. ಆ ಕಾಲದ ಅಮೆರಿಕದ ಅತಿ ದೊಡ್ಡ ಶಿಲ್ಪಿ ಅಗಸ್ಟಸ್ ಸೇಂಟ್-ಗೌಡೆನ್ಸ್ ಅದನ್ನು ಮಾಡಿಕೊಟ್ಟ. ಒಂದು ಬದಿಯಲ್ಲಿ ದಡಕ್ಕೆ ಕಾಲಿಡುತ್ತಿರುವ ಕೊಲಂಬಸ್, ಇನ್ನೊಂದು ಬದಿಯಲ್ಲಿ ಬತ್ತಲೆ ನಿಂತ ಹುಡುಗ. ಹುಡುಗನ ಬತ್ತಲೆ ಕಂಡು ಸೆನೆಟ್ಟಿನವರಿಗೆ ಮುಜುಗರವಾಯಿತು. ಆ ಬದಿಯನ್ನು ತೆಗೆದುಹಾಕಿ, ಟಂಕಸಾಲೆಯ ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಮಾಡಿದ ಇನ್ನೊಂದನ್ನು ಕೂಡಿಸಿದರು. ಒಬ್ಬರ ಮುಖಕ್ಕೆ ಇನ್ನೊಬ್ಬರ ಬೆನ್ನು! ಸೇಂಟ್-ಗೌಡೆನ್ಸ್ ಕೆರಳಿದ. ಪದಕವೆಂದರೆ ಟಂಕಸಾಲೆಯ ಕೆಲಸವೋ ಶಿಲ್ಪಿಯ ಕೆಲಸವೋ ಎಂಬ ಪ್ರಶ್ನೆ ಅಲ್ಲಿಂದ ಬಹಳ ಕಾಲ ಹೊಗೆಯಾಡಿತು. 1908ರಲ್ಲಿ ನ್ಯೂಯಾರ್ಕಿನಲ್ಲಿ ಕೆಲವು ಆಸಕ್ತರು ‘ಪದಕದ ಗೆಳೆಯರ ಬಳಗ’ ಎಂಬ ಅರ್ಥದ ಹೆಸರಿಟ್ಟು ಒಂದು ಕೂಟ ಕಟ್ಟಿದರು. ಪದಕವನ್ನು ಪುಟ್ಟ ಪುಸ್ತಕದೊಳಗೆ ಕೂರಿಸಿ ಸದಸ್ಯರಿಗೆ ಕಳಿಸುತ್ತಿದ್ದರು. ಹನ್ನೆರಡು ಪದಕ ಹೊರಬಂದು, 1915ರ ಹೊತ್ತಿಗೆ ಅದು ನಿಂತುಹೋಯಿತು.

ಇಷ್ಟೆಲ್ಲ ಸಾಧ್ಯವಾದದ್ದು ಒಂದು ಯಂತ್ರದಿಂದ. ಹಿಂದೆ ಕೆತ್ತನೆಗಾರ ಉಕ್ಕಿನ ಅಚ್ಚಿನ ಮೇಲೆ, ಪದಕದಷ್ಟೇ ಸಣ್ಣ ಜಾಗದಲ್ಲಿ, ಉಳಿ ಹಿಡಿದು ಕೆತ್ತಬೇಕಾಗಿತ್ತು. ಅದು ಅಕ್ಕಸಾಲಿಗರ ಕುಸುರಿ. ಶಿಲ್ಪಿಗೆ ಒಗ್ಗುವ ಕೆಲಸವಲ್ಲ. ಫ್ರಾನ್ಸಿನಿಂದ ಬಂದ ಜಾನ್ವಿಯೇ ಯಂತ್ರ ಈ ತೊಡಕನ್ನು ನಿವಾರಿಸಿತು. ಶಿಲ್ಪಿ ಊಟದ ತಟ್ಟೆಯಷ್ಟು ಅಗಲಕ್ಕೆ ಮಣ್ಣಿನಲ್ಲಿ ಉಬ್ಬುಶಿಲ್ಪ ಮಾಡುತ್ತಾನೆ. ಅದರಿಂದ ಪ್ಲಾಸ್ಟರ್ ಪ್ರತಿ, ಅದರಿಂದ ಲೋಹದ ಪ್ರತಿ. ಯಂತ್ರದ ಒಂದು ತುದಿಯ ಮುಳ್ಳು ಆ ದೊಡ್ಡ ಪ್ರತಿಯ ಏರುತಗ್ಗುಗಳನ್ನು ನಿಧಾನವಾಗಿ ಸವರುತ್ತ ಹೋದಂತೆ, ಇನ್ನೊಂದು ತುದಿಯ ಉಳಿ ಅದನ್ನೇ ಕಿರಿದು ಮಾಡಿ ಉಕ್ಕಿನಲ್ಲಿ ಕೊರೆಯುತ್ತದೆ. ಆ ಅಚ್ಚಿನಿಂದ ಕಂಚಿನ ಬಿಲ್ಲೆಯನ್ನು ಒತ್ತುತ್ತಾರೆ. ಒಂದೇ ಏಟಿಗೆ ಉಬ್ಬು ಏಳುವುದಿಲ್ಲ. ಒತ್ತುವುದು, ಕಾಯಿಸಿ ಮೆತ್ತಗೆ ಮಾಡುವುದು, ಮತ್ತೆ ಒತ್ತುವುದು ಹೀಗೆ ಹಲವು ಸಲ. ನ್ಯೂಯಾರ್ಕಿನಲ್ಲಿ ಶಿಲ್ಪಿಗಳಿಗೆ ಸಹಾಯಕರಾಗಿದ್ದ ಹೆನ್ರಿ ವೈಲ್, ಫೆಲಿಕ್ಸ್ ವೈಲ್ ಎಂಬ ಅಣ್ಣತಮ್ಮಂದಿರು ಈ ಯಂತ್ರವನ್ನು ತರಿಸಿ ಇಟ್ಟುಕೊಂಡರು. ಅವರ ಮೆಡಾಲಿಕ್ ಆರ್ಟ್ ಕಂಪನಿಯ ಹೆಸರು ಸಾವಿರಾರು ಪದಕಗಳ ಅಂಚಿನಲ್ಲಿದೆ.

ಕೊನೆಗೆ ಕಂಚಿಗೆ ಔಷಧಿ ಹಾಕಿ ಕಂದು, ಹಸಿರು, ಜೇನಿನ ಬಣ್ಣ ಬರಿಸುತ್ತಾರೆ. ಇದೂ ಶಿಲ್ಪದ ಒಂದು ಭಾಗ. ನಮ್ಮ ಕೈಗೆ ಸಿಕ್ಕಿದರೆ ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿಬಿಡುತ್ತಿದ್ದೆವು! ಸಂಗ್ರಾಹಕರಿಗೆ ಅದಕ್ಕಿಂತ ದೊಡ್ಡ ಸಂಕಟವಿಲ್ಲ. ತಿಕ್ಕಿದ ಪದಕಕ್ಕೆ ಬೆಲೆ ಬಿದ್ದುಹೋಗುತ್ತದೆ. ಬೆರಳಿನ ಬೆವರೂ ತಾಗಬಾರದೆಂದು ಅಂಚು ಹಿಡಿದೇ ಎತ್ತುತ್ತಾರೆ.

ಲಾರಾ ಗಾರ್ಡಿನ್ ಹುಟ್ಟಿದ್ದು 1889ರಲ್ಲಿ, ಶಿಕಾಗೋ ಹತ್ತಿರ. ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗಿನಲ್ಲಿ ಶಿಲ್ಪ ಕಲಿತಳು. ಅಲ್ಲಿ ಗುರುವಾಗಿದ್ದ ಜೇಮ್ಸ್ ಅರ್ಲ್ ಫ್ರೇಸರ್‌ನನ್ನು 1913ರಲ್ಲಿ ಮದುವೆಯಾದಳು. ಅದೇ ವರ್ಷ ಆತನ ‘ಬಫಲೋ ನಿಕಲ್’ ಎಂಬ ಐದು ಸೆಂಟಿನ ನಾಣ್ಯ ಹೊರಬಂದು ಆತ ಮನೆಮಾತಾದ. ಹೆಸರಾಂತ ಗಂಡ, ಅದೇ ಕಲೆಯಲ್ಲಿರುವ ಹೆಂಡತಿ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆಂದು ನಮಗೆ ಗೊತ್ತು. ಇಲ್ಲಿ ಹಾಗಾಗಲಿಲ್ಲ. ಆಕೆ ತನ್ನ ಹೆಸರಿನಲ್ಲೇ ಕೆಲಸ ಹಿಡಿದಳು, ತನ್ನ ಹೆಸರಿನಲ್ಲೇ ಬಹುಮಾನ ಪಡೆದಳು.

ಆಕೆಯ ಆರಂಭದ ಪದಕಗಳಲ್ಲಿ ಒಂದು ಅಲ್ಲಿನ ಒಂದು ಮಹಿಳಾ ಪತ್ರಿಕೆಗಾಗಿ ಮಾಡಿದ್ದು. ‘ಉತ್ತಮ ಶಿಶು’ ಸ್ಪರ್ಧೆಯ ಪದಕ, 1913. ಆ ದಿನಗಳಲ್ಲಿ ಜಾತ್ರೆಯಂಥ ಮೇಳಗಳಲ್ಲಿ ಕೂಸುಗಳನ್ನು ತೂಗಿ, ಅಳೆದು, ದನದ ಪ್ರದರ್ಶನದಂತೆಯೇ ಅಂಕ ಹಾಕಿ ಬಹುಮಾನ ಕೊಡುತ್ತಿದ್ದರು. ತಾಯಂದಿರಿಗೆ ಆರೋಗ್ಯದ ತಿಳಿವಳಿಕೆ ಸಿಕ್ಕಿದ್ದು ನಿಜ. ‘ಒಳ್ಳೆಯ ತಳಿ’ಯ ಮನುಷ್ಯರನ್ನು ಬೆಳೆಸಬೇಕೆಂಬ ವಿಷದ ವಿಚಾರವೂ ಅದರೊಳಗೆ ನುಸುಳಿಕೊಂಡಿತ್ತು ಎಂಬುದೂ ಅಷ್ಟೇ ನಿಜ. ಪದಕದ ಚೆಲುವನ್ನಷ್ಟೇ ನೋಡಿ ಸುಮ್ಮನಾಗುವುದು ನನಗೆ ಆಗಿಬರುವುದಿಲ್ಲ.

1921ರಲ್ಲಿ ಅಲಬಾಮಾ ರಾಜ್ಯದ ಶತಮಾನೋತ್ಸವಕ್ಕೆಂದು ಹೊರಟ ಅರ್ಧ ಡಾಲರನ್ನು ಲಾರಾ ರೂಪಿಸಿದಳು. ಅಮೆರಿಕದ ಸ್ಮರಣಾರ್ಥ ನಾಣ್ಯವೊಂದನ್ನು ರೂಪಿಸಿದ ಮೊದಲ ಹೆಂಗಸು ಆಕೆ. ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ಹಾರಿ ದಾಟಿದ ಲಿಂಡ್‌ಬರ್ಗ್‌ಗೆ ಅಮೆರಿಕದ ಕಾಂಗ್ರೆಸ್ ಕೊಟ್ಟ ಚಿನ್ನದ ಪದಕವೂ ಆಕೆಯದೇ. ಪದಕ ಕಲೆಗೆಂದು ಅಮೆರಿಕದ ನಾಣ್ಯಶಾಸ್ತ್ರ ಸಂಘ ಕೊಡುವ ಸಾಲ್ಟಸ್ ಪ್ರಶಸ್ತಿ 1926ರಲ್ಲಿ ಆಕೆಗೆ ಬಂತು. ಅದನ್ನು ಪಡೆದ ಮೊದಲ ಮಹಿಳೆಯೂ ಆಕೆಯೇ.

ಇನ್ನು ಸಂಗ್ರಹದ ಮಾತು. 1929ರ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಊರೂರಿನಲ್ಲಿ ಪ್ರತಿಮೆ ನಿಲ್ಲಿಸುವ ಉತ್ಸಾಹವೂ ಹಣವೂ ಒಟ್ಟಿಗೇ ಬತ್ತುತ್ತಿದ್ದ ಹೊತ್ತಿನಲ್ಲಿ, 1930ರಲ್ಲಿ, ಕಲಾಪೋಷಕ ಜಾರ್ಜ್ ಡ್ಯುಪಾಂಟ್ ಪ್ರ್ಯಾಟ್ ಮತ್ತು ಮೆಡಾಲಿಕ್ ಆರ್ಟ್ ಕಂಪನಿಯ ಕ್ಲೈಡ್ ಟ್ರೀಸ್ ಸೇರಿ ‘ಸೊಸೈಟಿ ಆಫ್ ಮೆಡಲಿಸ್ಟ್ಸ್’ ಆರಂಭಿಸಿದರು. ಲೆಕ್ಕ ಸರಳ. ಸದಸ್ಯರು ವರ್ಷದ ಚಂದಾ ಕೊಡಬೇಕು; ವರ್ಷಕ್ಕೆ ಎರಡು ಕಂಚಿನ ಪದಕ ಅಂಚೆಯಲ್ಲಿ ಮನೆಗೆ ಬರುತ್ತವೆ. ಶಿಲ್ಪಿಗೆ ಯಾವ ಕಟ್ಟೂ ಇಲ್ಲ. ಯಾರ ಹುಟ್ಟುಹಬ್ಬವನ್ನೂ ಯಾವ ಸೇತುವೆಯ ಉದ್ಘಾಟನೆಯನ್ನೂ ಸ್ಮರಿಸಬೇಕಾಗಿಲ್ಲ. ತನಗೆ ತೋಚಿದ ವಿಷಯ ಆರಿಸಿಕೊಳ್ಳಬಹುದು.

ಮೊದಲ ಪದಕ ಮಾಡಲು ಕರೆದದ್ದು ಲಾರಾಳನ್ನು! ಅಂದಿನ ಘಟಾನುಘಟಿ ಗಂಡಸರನ್ನು ಬಿಟ್ಟು. ಹೆಂಗಸಲ್ಲವೇ, ತಾಯಿ-ಮಗುವನ್ನೋ ಹೂವಿನ ಬುಟ್ಟಿಯನ್ನೋ ಮಾಡಿಯಾಳು ಎಂದು ಯಾರಾದರೂ ಎಣಿಸಿದ್ದರೆ ಅವರಿಗೆ ಆಶ್ಚರ್ಯ ಕಾದಿತ್ತು. ಆಕೆ ಮಾಡಿದ್ದು ಒಂದು ಬದಿಯಲ್ಲಿ ನಾಯಿಯೊಡನೆ ಬೇಟೆಗಾರ, ಇನ್ನೊಂದು ಬದಿಯಲ್ಲಿ ಅವನು ಅರಸುವ ಗ್ರೌಸ್ ಎಂಬ ಕಾಡುಕೋಳಿಯಂಥ ಹಕ್ಕಿ. ನನಗೆ ಇದರಲ್ಲಿ ಮೆಚ್ಚುಗೆಯಾಗುವುದು ಎರಡನ್ನೂ ಒಂದೇ ಬದಿಯಲ್ಲಿ ತೋರಿಸದೆ ಬಿಟ್ಟದ್ದು. ಬೇಟೆಗಾರನನ್ನು ನೋಡುವಾಗ ಹಕ್ಕಿ ಕಾಣುವುದಿಲ್ಲ, ಹಕ್ಕಿಯನ್ನು ನೋಡುವಾಗ ಬೇಟೆಗಾರ ಕಾಣುವುದಿಲ್ಲ. ಗೋಡೆಯ ಶಿಲ್ಪದಲ್ಲಿ ಹೀಗೆ ಮಾಡಲಾಗದು. ಕೈಯಲ್ಲಿ ತಿರುಗುವ ವಸ್ತುವಿನಲ್ಲಿ ಮಾತ್ರ ಸಾಧ್ಯ.

ಎರಡನೆಯದು ಪಾಲ್ ಮ್ಯಾನ್‌ಶಿಪ್‌ನದು. ಭಾರತೀಯ ಶಿಲ್ಪವನ್ನು ಕಂಡು ಅದರಿಂದ ಕಲಿತವನು ಈತ. ಅವನು ಆರಿಸಿಕೊಂಡದ್ದು ಗ್ರೀಕರ ಮದ್ಯದೇವತೆ ಡಯೊನಿಸಸ್‌ನನ್ನು. ಆಗ ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿತ್ತು. ಅದು ತೆರವಾದದ್ದು 1933ರಲ್ಲಿ! ಮೂರನೆಯದರಲ್ಲಿ ಹರ್ಮನ್ ಮ್ಯಾಕ್‌ನೀಲ್, ಹಾವುಗಳನ್ನು ಹಿಡಿದು ಮಳೆಗಾಗಿ ಕುಣಿಯುವ ಹೋಪಿ ಬುಡಕಟ್ಟಿನವರನ್ನು ಕಂಚಿಗಿಳಿಸಿದ. ಕಪ್ಪೆಗಳ ಮದುವೆ ಮಾಡಿ ಮಳೆ ಬೇಡುವ ನಮಗೆ ಆ ಪದಕ ಬೇಗ ಅರ್ಥವಾಗುತ್ತದೆ. 1938ರಲ್ಲಿ ಗರ್ಟ್ರೂಡ್ ಲಾತ್ರಪ್ ಎಂಬಾಕೆ ಕಾಡುಪ್ರಾಣಿಗಳನ್ನು ಉಳಿಸಿ ಎಂಬ ಪದಕ ಮಾಡಿದಳು. ಪ್ರಾಣಿಗಳನ್ನು ಎದುರಿಗೆ ಇಟ್ಟುಕೊಂಡೇ ಕೆಲಸ ಮಾಡುವಾಕೆ. ಆಲ್ಬನಿ ಊರಿನ ಅರ್ಧ ಡಾಲರಿನ ಮೇಲಿನ ಬೀವರ್ ಪ್ರಾಣಿಗೂ ಜೀವಂತ ಬೀವರನ್ನೇ ತರಿಸಿಕೊಂಡಿದ್ದಳು. ಈ ಮಾಲೆ 1995ರವರೆಗೂ ನಡೆಯಿತು. ನೂರಿಪ್ಪತ್ತಕ್ಕೂ ಹೆಚ್ಚು ಪದಕಗಳು. ಎಲ್ಲವೂ ಒಂದೇ ಮಟ್ಟದವಲ್ಲ. ಪುರಾಣದ ಹೆಸರು ಹೇಳಿ ಮೈಕಟ್ಟು ತೋರಿಸಿದ ಪೇಲವ ಬಿಲ್ಲೆಗಳೂ ಅವುಗಳಲ್ಲಿವೆ.

ಲಾರಾಳ ಬಾಳಿನ ದೊಡ್ಡ ಪ್ರಸಂಗ ನಡೆದದ್ದು ಮೊದಲ ಪದಕ ಹೊರಬಂದ ಬೆನ್ನಿಗೇ. 1932ಕ್ಕೆ ಜಾರ್ಜ್ ವಾಷಿಂಗ್ಟನ್ ಹುಟ್ಟಿ ಇನ್ನೂರು ವರ್ಷ. ಅದರ ನೆನಪಿಗೆ ಇಪ್ಪತ್ತೈದು ಸೆಂಟಿನ ನಾಣ್ಯದ ಮೇಲೆ, ಅಂದರೆ ನಮ್ಮ ಹಿಂದಿನ ನಾಲ್ಕಾಣೆಯಂಥ ‘ಕ್ವಾರ್ಟರ್’ ಮೇಲೆ, ಆತನ ಮುಖ ಹಾಕುವುದೆಂದಾಯಿತು. 1785ರಲ್ಲಿ ಫ್ರೆಂಚ್ ಶಿಲ್ಪಿ ಊದೋ ವಾಷಿಂಗ್ಟನ್‌ನ ಮನೆಗೇ ಹೋಗಿ ಮಾಡಿದ್ದ ಪ್ರತಿಮೆಯೇ ಎಲ್ಲರಿಗೂ ಆಧಾರ. ಸುಮಾರು ನೂರು ಮಾದರಿಗಳು ಬಂದವು. ದೇಶದ ಲಲಿತಕಲಾ ಆಯೋಗ ಲಾರಾಳದೇ ಶ್ರೇಷ್ಠವೆಂದಿತು. ಖಜಾನೆ ಸಚಿವ ಆಂಡ್ರ್ಯೂ ಮೆಲನ್ ಒಪ್ಪಲಿಲ್ಲ. ಜಾನ್ ಫ್ಲಾನಗನ್‌ನ ಮಾದರಿಯನ್ನು ಆರಿಸಿದ. ಆಯೋಗ ಮತ್ತೆ ಹೇಳಿತು. ನಿಮ್ಮದು ಸಲಹೆ ಮಾತ್ರ, ತೀರ್ಮಾನ ನನ್ನದು ಎಂಬುದೇ ಮೆಲನ್‌ನ ನಿಲುವು. 1932ರ ಆರಂಭದಲ್ಲಿ ಆತ ಅಧಿಕಾರ ಬಿಟ್ಟ. ನಂತರ ಬಂದ ಆಗ್ಡನ್ ಮಿಲ್ಸ್ ಮೇಲೆ ಆಯೋಗ ಆಸೆಯಿಟ್ಟಿತು. ಆತನೂ ಹಿಂದಿನವನ ತೀರ್ಮಾನವನ್ನು ಬದಲಿಸಲಿಲ್ಲ. ಆ ವರ್ಷದ ಆಗಸ್ಟ್ 1ರಂದು ಫ್ಲಾನಗನ್‌ನ ನಾಣ್ಯ ಚಲಾವಣೆಗೆ ಬಂತು.

ಹೆಣ್ಣೆಂಬ ಕಾರಣಕ್ಕೇ ಮೆಲನ್ ತಳ್ಳಿಹಾಕಿದ ಎಂದು ಬಲವಾಗಿ ಹೇಳುವವರಿದ್ದಾರೆ. ಹಾಗೆಂದು ಆತ ಎಲ್ಲಿಯೂ ಬರೆದಿಟ್ಟಿಲ್ಲವಾದ್ದರಿಂದ ನಾನು ಆ ತೀರ್ಪು ಕೊಡಲಾರೆ. ಫ್ಲಾನಗನ್ ಕೂಡ ಕಳಪೆ ಕೈಯವನಲ್ಲ. ಸೇಂಟ್-ಗೌಡೆನ್ಸ್ ಬಳಿ ಪಳಗಿದವನು, ಸಾಲ್ಟಸ್ ಪ್ರಶಸ್ತಿಯನ್ನು ಲಾರಾಳಿಗಿಂತ ಐದು ವರ್ಷ ಮೊದಲೇ ಪಡೆದವನು. ಆದರೆ ಬಲ್ಲವರ ಸಮಿತಿಯೊಂದು ಮತ್ತೆ ಮತ್ತೆ ಒಬ್ಬಾಕೆಯನ್ನು ಆರಿಸಿದರೂ ಒಂದು ಸಹಿ ಅದನ್ನು ಅಳಿಸಿಹಾಕಬಲ್ಲದು ಎಂಬುದನ್ನು ತಿಳಿಯಲು ಕಾರಣ ಗೊತ್ತಿರಬೇಕಾಗಿಲ್ಲ.

ಆ ಕೆಲಸ ಪೂರ್ತಿ ಅಳಿಯಲಿಲ್ಲ. ಉತ್ಸವದ ಅಧಿಕೃತ ಪದಕವಾಗಿ ಲಾರಾಳ ವಾಷಿಂಗ್ಟನ್ ಹೊರಬಂದಿತ್ತು. ನಾಣ್ಯವಾಗದ್ದು ಪದಕವಾಗಿ ಸಂಗ್ರಾಹಕರ ಖಾನೆ ಸೇರಿತು. ತಮಾಷೆಯೆಂದರೆ ಅದೇ 1932ರಲ್ಲಿ ಸೊಸೈಟಿಯ ಆರನೆಯ ಪದಕ ಮಾಡಿದವನು ಫ್ಲಾನಗನ್. ಸರ್ಕಾರ ಒಬ್ಬರನ್ನು ಆರಿಸಬೇಕಾದಲ್ಲಿ ಚಂದಾದಾರರ ಮನೆಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು.

ಇಂಥದೇ ಇನ್ನೊಂದು ಕಥೆ ಸೆಲ್ಮಾ ಬರ್ಕ್ ಎಂಬ ಕಪ್ಪು ಜನಾಂಗದ ಶಿಲ್ಪಿಯದು. ಅಧ್ಯಕ್ಷ ರೂಸ್‌ವೆಲ್ಟ್‌ನನ್ನು ಎದುರು ಕೂರಿಸಿಕೊಂಡು ಆಕೆ ಮಾಡಿದ ಕಂಚಿನ ಫಲಕ 1945ರಲ್ಲಿ ಅನಾವರಣಗೊಂಡಿತು. ಮರುವರ್ಷ ಬಂದ ಹತ್ತು ಸೆಂಟಿನ ನಾಣ್ಯದ ಮುಖ ತನ್ನ ಫಲಕದಿಂದಲೇ ಬಂದದ್ದೆಂದು ಆಕೆ 1995ರಲ್ಲಿ ತೀರಿಕೊಳ್ಳುವವರೆಗೂ ಹೇಳಿದಳು. ನಾಣ್ಯದ ಮೇಲಿರುವುದು ಜಾನ್ ಸಿನಾಕ್‌ನ ಹೆಸರಿನ ಅಕ್ಷರಗಳು. ಆತ ಅದನ್ನು ಒಪ್ಪಿರಲಿಲ್ಲ. ಟಂಕಸಾಲೆಯಲ್ಲಿ ಮುಖ್ಯ ಕೆತ್ತನೆಗಾರ್ತಿಯಾಗಿ ಎಲಿಜಬೆತ್ ಜೋನ್ಸ್ ಬಂದದ್ದು 1981ರಲ್ಲಿ. ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಒಬ್ಬ ಹೆಂಗಸೂ ಕೂತಿರಲಿಲ್ಲ.

ಲಾರಾ 1966ರಲ್ಲಿ ತೀರಿಕೊಂಡಳು. ಆಕೆ ಸಣ್ಣದನ್ನೇ ಮಾಡಿದವಳಲ್ಲ. ಸ್ಪರ್ಧೆಯಲ್ಲಿ ಗೆದ್ದು, ಬಾಲ್ಟಿಮೋರಿನಲ್ಲಿ ಲೀ ಮತ್ತು ಜಾಕ್ಸನ್ ಎಂಬ ಇಬ್ಬರು ಸೇನಾನಿಗಳು ಕುದುರೆಯ ಮೇಲೆ ಕೂತಿರುವ ಭಾರಿ ಪ್ರತಿಮೆ ಮಾಡಿದ್ದಳು. 1948ರಲ್ಲಿ ಅದನ್ನು ನಿಲ್ಲಿಸಿದರು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದ ಸೇನೆಯ ನಾಯಕರು ಅವರು. 2017ರ ಆಗಸ್ಟಿನಲ್ಲಿ ನಗರಾಡಳಿತ ರಾತ್ರೋರಾತ್ರಿ ಅದನ್ನು ಕಿತ್ತು ಸಾಗಿಸಿತು. ಕುದುರೆಗಳ ಕೆಲಸ ಬಹಳ ಚೆನ್ನಾಗಿದೆ. ಕಿತ್ತದ್ದು ಸರಿಯೆಂದೇ ನನ್ನ ಅಭಿಪ್ರಾಯ.

ವಾಷಿಂಗ್ಟನ್ ಸತ್ತು ಇನ್ನೂರು ವರ್ಷವಾದಾಗ, 1999ರಲ್ಲಿ, ಲಾರಾಳ ಹಳೆಯ ಮಾದರಿಯನ್ನು ಹುಡುಕಿ ತೆಗೆದು ಐದು ಡಾಲರಿನ ಚಿನ್ನದ ನಾಣ್ಯ ಮಾಡಿದರು. ಅದು ಹಣವಿದ್ದವರ ನಾಣ್ಯ. ಕ್ವಾರ್ಟರಿನ ಮೇಲೆ ಅದು ಬಂದದ್ದು 2022ರಲ್ಲಿ, ತಿರಸ್ಕೃತವಾಗಿ ಸರಿಯಾಗಿ ತೊಂಬತ್ತು ವರ್ಷಕ್ಕೆ. ಅಮೆರಿಕದ ಸಾಧಕಿಯರನ್ನು ವರ್ಷಕ್ಕೆ ಐವರಂತೆ ನಾಣ್ಯದ ಹಿಂಬದಿಯಲ್ಲಿ ಮೂಡಿಸುವ ಮಾಲೆ ಆಗ ಆರಂಭವಾಯಿತು. ಮೊದಲಿಗೆ ಬಂದವಳು ಕವಯಿತ್ರಿ ಮಾಯಾ ಏಂಜೆಲೊ. 2025ರಲ್ಲಿ ಮುಗಿದ ಆ ಮಾಲೆಯ ಇಪ್ಪತ್ತು ನಾಣ್ಯಗಳ ಮುಂಬದಿಯಲ್ಲೂ ಲಾರಾಳ ವಾಷಿಂಗ್ಟನ್ನೇ.

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದ ಗೆಳತಿಯರ ಪರ್ಸಿನ ಮೂಲೆಯಲ್ಲಿ ಇಂಥ ಕ್ವಾರ್ಟರುಗಳು ಎರಡೋ ಮೂರೋ ಉಳಿದಿರುತ್ತವೆ. ಇಲ್ಲಿ ಯಾವ ಅಂಗಡಿಯಲ್ಲೂ ನಡೆಯವು, ಎಸೆಯಲೂ ಮನಸ್ಸು ಬಾರದು. ಒಮ್ಮೆ ತೆಗೆದು ನೋಡಿ. 1932ರಿಂದ 2021ರವರೆಗಿನ ಫ್ಲಾನಗನ್‌ನ ವಾಷಿಂಗ್ಟನ್ ನಮ್ಮ ಎಡಕ್ಕೆ ಮುಖ ಮಾಡಿರುತ್ತಾನೆ. ಬಲಕ್ಕೆ ತಿರುಗಿದ್ದು, ಇಸವಿ 2022ರಿಂದ 2025ರೊಳಗಿನದಾಗಿದ್ದರೆ ಅದು ಲಾರಾಳ ಕೈಕೆಲಸ.