ಕ್ಯಾಟ್‌ಫಿಶ್‌ನಲ್ಲಿ ಹುಳು ಕಂಡರೆ ತಿನ್ನಬಹುದಾ? ಇಲ್ಲಿದೆ ಮಾಹಿತಿ

ಬಾಳೆ ಮೀನು, ಚೇಳು ಮೀನು ಎರಡೂ ಕ್ಯಾಟ್‌ಫಿಶ್ ಗುಂಪಿನವು. ಉದ್ದ ಮೀಸೆ ಇರುತ್ತೆ, ಮೈಮೇಲೆ ಹುರುಪೆ ಇರಲ್ಲ. ಕೆಸರಿನ ಹುಳು, ಸಣ್ಣ ಮೀನು ತಿನ್ನುವ ಇವುಗಳಲ್ಲಿ ಪರಾವಲಂಬಿಗಳು ಸಿಗುವುದು ಹೊಸದಲ್ಲ.

ಬಿಳಿ ಚುಕ್ಕೆ ರೋಗ: ಮೈಮೇಲೆ ಉಪ್ಪಿನ ಹರಳಿನಂಥ ಚುಕ್ಕೆಗಳು ಏಳುತ್ತವೆ. ಮನುಷ್ಯರಿಗೆ ಅಂಟಲ್ಲ. ಆದರೆ ಒಂದು ಪರಾವಲಂಬಿ ನೀರಿನಲ್ಲಿ ನೂರಾರು ಮರಿಗಳಾಗುತ್ತದೆ. ಇಂಥ ಮೀನನ್ನು ಬೇರೆ ಜೀವಂತ ಮೀನಿನ ತೊಟ್ಟಿಗೆ ಹಾಕಬಾರದು.

ಹೊಟ್ಟೆಯ ಹುಳು: ಕರುಳಲ್ಲಿ ಬಿಳಿ ಲಾಡಿಹುಳು, ಬಾಳೆ ಮೀನಿನ ಗಾಳಿಚೀಲದಲ್ಲಿ ಚಪ್ಪಟೆ ಹುಳು ಕಾಣಬಹುದು. ಕರುಳು, ಗಾಳಿಚೀಲ ತೆಗೆದು, ತೊಳೆದು, ಪೂರ್ತಿ ಬೇಯಿಸಿದರೆ ಭಯವಿಲ್ಲ.

ಮನುಷ್ಯರಿಗೆ ಅಪಾಯ ಯಾವುದು?: ನ್ಯಾಥೋಸ್ಟೋಮಾ ಎಂಬ ಹುಳು. ಇದರ ಮರಿ ಮೀನಿನ ಮಾಂಸದೊಳಗೇ ಅಡಗಿರುತ್ತೆ. ಅರೆಬೆಂದ ಮೀನು ತಿಂದವರ ಚರ್ಮದಡಿ ಓಡಾಡಿ ಜಾಗ ಬದಲಿಸುವ ಊತ ತರುತ್ತದೆ, ಅಪರೂಪಕ್ಕೆ ಕಣ್ಣಿಗೂ ಹೋಗುತ್ತದೆ. ನಿಂಬೆರಸ, ಖಾರ, ಉಪ್ಪು ಹಚ್ಚಿಟ್ಟರೆ ಸಾಯಲ್ಲ. ಮಾಂಸದ ಒಳಗೂ 63 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಬೇಕು. ಅಂದರೆ ಮುಳ್ಳಿನ ಹತ್ತಿರವೂ ಹಸಿ ಉಳಿಯದೆ ಮಾಂಸ ಸಲೀಸಾಗಿ ಬಿಡಬೇಕು. ದಪ್ಪ ತುಂಡು ಹುರಿಯುವಾಗ ಇದನ್ನು ತಪ್ಪದೆ ನೋಡಿ.

ಅಂಗಡಿಯವರ ಗಮನಕ್ಕೆ: ಈ ಹುಳು ದೊಡ್ಡದಾಗುವುದು ನಾಯಿ, ಬೆಕ್ಕಿನ ಹೊಟ್ಟೆಯಲ್ಲಿ. ಅವುಗಳ ಮಲದಿಂದ ಮೊಟ್ಟೆ ಕೆರೆಗೆ ಸೇರಿ ಮತ್ತೆ ಮೀನಿಗೆ ಬರುತ್ತದೆ. ಹಾಗಾಗಿ ಹಸಿ ಮೀನಿನ ತ್ಯಾಜ್ಯವನ್ನು ನಾಯಿ, ಬೆಕ್ಕಿಗೆ ಎಸೆಯಬೇಡಿ, ಕೆರೆಗೂ ಸುರಿಯಬೇಡಿ. ಆಳವಾಗಿ ಗುಂಡಿ ತೋಡಿ ಮುಚ್ಚಿ.