ಮಾಸ್ತಿ ವೆಂಕಟೇಶ ಅಯ್ಯಂಗಾರ್: ಬದುಕು ಮತ್ತು ಕಾದಂಬರಿಗಳು

ಮಾಸ್ತಿ ವೆಂಕಟೇಶ ಅಯ್ಯಂಗಾರ್ (1891–1986) ಆಧುನಿಕ ಕನ್ನಡದ ಕಥೆಗಾರ, ಕಾದಂಬರಿಕಾರ, ಕವಿ, ನಾಟಕಕಾರ ಮತ್ತು ವಿಮರ್ಶಕ. ‘ಶ್ರೀನಿವಾಸ’ ಅವರ ಕಾವ್ಯನಾಮ. ಕನ್ನಡ ಸಣ್ಣಕಥೆಯ ಮಾತು ಬಂದಾಗಲೆಲ್ಲ ಅವರ ಹೆಸರೇ ಮೊದಲು ಬರುವುದರಿಂದ ಕಾದಂಬರಿಕಾರರಾಗಿ ಅವರು ಮಾಡಿದ ಕೆಲಸ ಕೊಂಚ ಮರೆಯಲ್ಲಿ ಉಳಿದಿದೆ. ಅವರ ಕಾದಂಬರಿಗಳ ಸಂಖ್ಯೆ ಕಡಿಮೆ. ಆದರೂ ಒಂದು ರಾಜ್ಯ ಹೇಗೆ ಒಳಗಿನಿಂದಲೇ ಕುಸಿಯುತ್ತದೆ ಎಂಬುದನ್ನು ಅವರಷ್ಟು ಹತ್ತಿರದಿಂದ, ಅವರಷ್ಟು ಸಮಚಿತ್ತದಿಂದ ಚಿತ್ರಿಸಿದವರು ಕನ್ನಡದಲ್ಲಿ ವಿರಳ.

ಮಾಸ್ತಿ ಹುಟ್ಟಿದ್ದು 1891ರ ಜೂನ್ 6ರಂದು, ಕೋಲಾರ ಜಿಲ್ಲೆಯ ಹೊಂಗೇನಹಳ್ಳಿಯಲ್ಲಿ. ತಂದೆ ರಾಮಸ್ವಾಮಿ ಅಯ್ಯಂಗಾರ್, ತಾಯಿ ತಿರುಮಲಮ್ಮ. ಹೆಸರಿನ ಮೊದಲಿಗಿರುವ ಮಾಸ್ತಿ ಎಂಬುದು ಮಾಲೂರು ತಾಲ್ಲೂಕಿನ ಊರು. ಬಾಲ್ಯದ ನಂಟು ಅಲ್ಲಿಯದು. ಆ ಕಾಲದ ಕೋಲಾರ ಜಿಲ್ಲೆ ಇಂದಿಗಿಂತ ದೊಡ್ಡದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೂ ಅದಕ್ಕೇ ಸೇರಿದ್ದವು. ಅವು ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಚಿಕ್ಕಬಳ್ಳಾಪುರದ ಬಳಿಯ ಪೆರೇಸಂದ್ರದಿಂದ ಮಾಲೂರಿನವರೆಗಿನ ಈ ಗಡಿಸೀಮೆಯಲ್ಲಿ ಮನೆಯೊಳಗೆ ತೆಲುಗನ್ನೋ ತಮಿಳನ್ನೋ ಆಡಿ, ಬೀದಿಗೆ ಬಂದರೆ ಕನ್ನಡ ಆಡುವ ಕುಟುಂಬಗಳು ಇಂದಿಗೂ ಸಾಮಾನ್ಯ. ಮಾಸ್ತಿಯವರ ಮನೆಮಾತು ತಮಿಳು. ಬರವಣಿಗೆಗೆ ಅವರು ಹಿಡಿದದ್ದು ಕನ್ನಡ. ಅವರ ಗದ್ಯದ ಬಿಗಿ, ಅಲಂಕಾರದ ಹಂಗಿಲ್ಲದ ಸಣ್ಣ ಸಣ್ಣ ವಾಕ್ಯ, ನಾಲ್ಕು ಜನ ಕೂತು ಆಡಿಕೊಳ್ಳುವ ಮಾತಿನ ಲಯ ಈ ಸೀಮೆಯ ಕೊಡುಗೆ ಎನ್ನಬೇಕು.

ಒಂದು ಕಾಲಕ್ಕೆ ಅನುಕೂಲವಾಗಿದ್ದ ಮನೆತನ ಅವರು ಹುಟ್ಟುವ ವೇಳೆಗೆ ಬಡವಾಗಿತ್ತು. ಬಂಧುಗಳ ಆಸರೆ ಮತ್ತು ವಿದ್ಯಾರ್ಥಿವೇತನದ ಬಲದಿಂದ ಓದು ಸಾಗಿತು. 1914ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದಿಂದ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿ ಪಡೆದರು. ಮೈಸೂರು ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲೂ ತೇರ್ಗಡೆಯಾಗಿ ಅಸಿಸ್ಟೆಂಟ್ ಕಮಿಷನರ್ ಆದರು. ಅಲ್ಲಿಂದ ಮೂರು ದಶಕದ ಹತ್ತಿರ ಮೈಸೂರು ಸಂಸ್ಥಾನದ ಊರೂರಿನಲ್ಲಿ ಕೆಲಸ ಮಾಡಿ, ಡೆಪ್ಯುಟಿ ಕಮಿಷನರ್, ಅಬ್ಕಾರಿ ಕಮಿಷನರ್ ಮೊದಲಾದ ಹುದ್ದೆಗಳನ್ನು ನಿರ್ವಹಿಸಿದರು. ಅರಸರಿಂದ ‘ರಾಜಸೇವಾಸಕ್ತ’ ಎಂಬ ಬಿರುದು ಬಂತು. ಆದರೆ ತಮಗಿಂತ ಕಿರಿಯರಾದ ಅಧಿಕಾರಿಯನ್ನು ಮೇಲಿನ ಸ್ಥಾನಕ್ಕೆ ಏರಿಸಿದಾಗ, 1943ರಲ್ಲಿ ಅವರು ರಾಜೀನಾಮೆ ಕೊಟ್ಟು ಹೊರಬಂದರು. ರಾಜನಿಷ್ಠೆಯ ಬಿರುದು ಹೊತ್ತವರು ಸ್ವಾಭಿಮಾನದ ಪ್ರಶ್ನೆ ಬಂದಾಗ ಸೇವೆಯನ್ನೇ ಬಿಟ್ಟದ್ದು ಅವರ ಕಾದಂಬರಿಗಳನ್ನು ಓದುವವರು ನೆನಪಿಡಬೇಕಾದ ಸಂಗತಿ. ಎಲ್ಲಿಯವರೆಗೆ ವಿಧೇಯನಾಗಿರಬೇಕು, ಎಲ್ಲಿಗೆ ಆ ವಿಧೇಯತೆಯನ್ನು ಮುಗಿಸಬೇಕು ಎಂಬ ಪ್ರಶ್ನೆಯನ್ನು ಅವರ ಪಾತ್ರಗಳೂ ಮತ್ತೆ ಮತ್ತೆ ಎದುರಿಸುತ್ತವೆ.

ಮೊದಲ ಕಥೆ ‘ರಂಗನ ಮದುವೆ’ 1910ರ ಸುಮಾರಿನದು. 1920ರಲ್ಲಿ ‘ಕೆಲವು ಸಣ್ಣ ಕಥೆಗಳು’ ಸಂಕಲನ ಹೊರಬಂತು. ಕನ್ನಡದಲ್ಲಿ ಸಣ್ಣಕಥೆ ಎಂಬ ಪ್ರಕಾರ ಗಟ್ಟಿಯಾಗಿ ನೆಲೆಯೂರಿದ್ದು ಇದರಿಂದ. ಹೆಚ್ಚುಕಡಿಮೆ ಇದೇ ಕಾಲದಲ್ಲಿ ಚೀನಾದ ಲೇಖಕ ಲೂ ಷುನ್ ಗ್ರಾಂಥಿಕ ಭಾಷೆಯನ್ನು ಬಿಟ್ಟು ಆಡುನುಡಿಗೆ ಹತ್ತಿರವಾದ ಭಾಷೆಯಲ್ಲಿ ತಮ್ಮ ಮೊದಲ ಕಥೆಯನ್ನು ಪ್ರಕಟಿಸಿದ್ದು 1918ರಲ್ಲಿ. ಇಬ್ಬರ ಮನೋಧರ್ಮಕ್ಕೆ ಅಜಗಜಾಂತರ: ಲೂ ಷುನ್ ಹಳೆಯ ಸಮಾಜವನ್ನು ಕೋಪದಿಂದ ಕಂಡರು, ಮಾಸ್ತಿ ಮಮತೆಯಿಂದ ಕಂಡರು. ಆದರೂ ಏಷ್ಯದ ಹಳೆಯ ಭಾಷೆಗಳು ಸಾಮಾನ್ಯ ಜನರ ಬದುಕನ್ನು ಗದ್ಯದಲ್ಲಿ ಹೇಳಲು ಕಲಿಯುತ್ತಿದ್ದ ಒಂದೇ ಕಾಲಘಟ್ಟಕ್ಕೆ ಇಬ್ಬರೂ ಸೇರಿದವರು. ‘ಮೊಸರಿನ ಮಂಗಮ್ಮ’, ‘ವೆಂಕಟಿಗನ ಹೆಂಡತಿ’, ‘ಜೋಗ್ಯೋರ ಅಂಜಪ್ಪನ ಕೋಳಿ ಕಥೆ’, ‘ಗೌತಮಿ ಹೇಳಿದ ಕಥೆ’ ಮೊದಲಾದವು ತಲೆಮಾರುಗಳಿಂದ ಪಠ್ಯಪುಸ್ತಕಗಳಲ್ಲೂ ಓದುಗರ ಮನಸ್ಸಿನಲ್ಲೂ ಉಳಿದಿವೆ. ಮಾಸ್ತಿಯವರ ನಿರೂಪಕ ಸಾಮಾನ್ಯವಾಗಿ ಕಂಡದ್ದನ್ನು, ಇತರರಿಂದ ಕೇಳಿದ್ದನ್ನು ಹೇಳುವವನು. ತೀರ್ಪು ಕೊಡಲು ಆತುರಪಡದವನು. ಕಾದಂಬರಿಗೂ ಅವರು ಇದೇ ದನಿಯನ್ನು ತಂದರು.

ಅವರು ಕಾದಂಬರಿಯ ಕಡೆ ತಿರುಗುವ ವೇಳೆಗೆ ಕನ್ನಡದಲ್ಲಿ ಆ ಪ್ರಕಾರ ಎಳೆಯದಾಗಿರಲಿಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲೇ ಬಂದಿತ್ತು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ, ಗಳಗನಾಥರು ಮರಾಠಿಯಿಂದ ತಂದ ಕಾದಂಬರಿಗಳು ಓದುಗರನ್ನು ಬೆಳೆಸಿದ್ದವು. ಅವುಗಳಲ್ಲಿ ಚರಿತ್ರೆ ಎಂದರೆ ಬಹುಮಟ್ಟಿಗೆ ಪರಾಕ್ರಮ, ಪ್ರೇಮ, ಒಳಸಂಚು. ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ (1915) ಮಾತ್ರ ಹಳೆಯ ಮೈಸೂರಿನ ಜನಜೀವನವನ್ನು ಕಣ್ಣಿಗೆ ಕಟ್ಟಿಸಿತ್ತು. ಮಾಸ್ತಿಯವರನ್ನು ಇರಿಸಿ ನೋಡಬೇಕಾದದ್ದು ಪುಟ್ಟಣ್ಣನವರ ಈ ಸಾಲಿನಲ್ಲಿ.

1928ರ ‘ಸುಬ್ಬಣ್ಣ’ ಗಾತ್ರದಲ್ಲಿ ನೀಳ್ಗತೆ. ಮೈಸೂರಿನ ಪೌರಾಣಿಕರ ಮಗನೊಬ್ಬ ಸಂಗೀತದ ಹಂಬಲದಿಂದ ತಂದೆಯೊಡನೆ ಮನಸ್ತಾಪ ಕಟ್ಟಿಕೊಂಡು ಮನೆ ಬಿಡುತ್ತಾನೆ, ಕಲ್ಕತ್ತೆಯವರೆಗೆ ಅಲೆಯುತ್ತಾನೆ, ತನ್ನವರನ್ನು ಕಳೆದುಕೊಳ್ಳುತ್ತಾನೆ. ಹೆಸರಿಗಾಗಿ ಹಾಡುತ್ತಿದ್ದವನು ಸಾವುನೋವುಗಳನ್ನು ದಾಟಿ ತನಗಾಗಿ, ದೇವರಿಗಾಗಿ ಹಾಡುವವನಾಗುತ್ತಾನೆ. ಇಡೀ ಒಂದು ಬದುಕನ್ನು ಇಷ್ಟು ಕಡಿಮೆ ಪುಟಗಳಲ್ಲಿ, ಒಂದು ಕಡೆಯೂ ದನಿ ಏರಿಸದೆ ಹೇಳಿದ್ದು ಈ ಕೃತಿಯ ದೊಡ್ಡ ಸಾಧನೆ. ದುಃಖದ ಘಟನೆಗಳನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿ ಮುಂದೆ ಸಾಗುವ ಮಾಸ್ತಿಯವರ ಕ್ರಮವನ್ನು ಕೆಲವರು ತಣ್ಣಗಿನದೆಂದು ಭಾವಿಸಿದ್ದುಂಟು. ಎಚ್ಚರದಿಂದ ಓದಿದರೆ ಆ ಮಿತಭಾಷೆಯೇ ನೋವನ್ನು ಓದುಗನಿಗೆ ದಾಟಿಸುತ್ತದೆ.

ಸೇವೆಯಿಂದ ಹೊರಬಂದ ಮೇಲೆ ದೊಡ್ಡ ಕಾದಂಬರಿಗಳಿಗೆ ಬಿಡುವು ಸಿಕ್ಕಿತು. ಅವುಗಳಲ್ಲಿ ಮೊದಲನೆಯದಾದ ‘ಚೆನ್ನಬಸವನಾಯಕ’ 1950ರ ಆಸುಪಾಸಿನಲ್ಲಿ ಬಂತು. ಇದರ ವಸ್ತು ಹದಿನೆಂಟನೆಯ ಶತಮಾನದ ನಡುವಿನ ಬಿದನೂರು, ಎಂದರೆ ಕೆಳದಿ ಅರಸರ ಕೊನೆಯ ರಾಜಧಾನಿ. ಎರಡನೆಯ ಬಸಪ್ಪನಾಯಕನ ನಂತರ ಪಟ್ಟಕ್ಕೆ ಬಂದ ಎಳೆಯ ಅರಸು ಚೆನ್ನಬಸವನಾಯಕ ಕೆಲವೇ ವರ್ಷಗಳಲ್ಲಿ ಇಲ್ಲವಾದ. ತಾಯಿಯ ಸ್ಥಾನದಲ್ಲಿದ್ದ ರಾಣಿ ವೀರಮ್ಮಾಜಿಯೇ ಅವನನ್ನು ಕೊಲ್ಲಿಸಿದಳೆಂಬ ಮಾತು ಹರಡಿತು; ಅವನು ಬದುಕಿದ್ದಾನೆಂಬ ಮಾತೂ ಎದ್ದಿತು. 1763ರಲ್ಲಿ ಹೈದರಾಲಿ ಬಿದನೂರಿಗೆ ನುಗ್ಗಿದಾಗ ಆ ಅನುಮಾನವೇ ಅವನ ಕೈಯಲ್ಲಿ ಆಯುಧವಾಯಿತು. ಸೆರೆಸಿಕ್ಕ ರಾಣಿಯನ್ನು ಗೌರಿಬಿದನೂರಿಗೆ ಹೊಂದಿಕೊಂಡಿರುವ ಮಧುಗಿರಿಯ ಕೋಟೆಯಲ್ಲಿಟ್ಟರು. ಮಾಸ್ತಿ ಈ ಚರಿತ್ರೆಯಿಂದ ಯುದ್ಧದ ಕಥೆಯನ್ನು ಕಟ್ಟಲಿಲ್ಲ. ಅರಮನೆಯೊಳಗೆ ತಾಯಿಮಗನ ನಡುವೆ ನಂಬಿಕೆ ಸೋರಿಹೋಗುವುದನ್ನೂ, ಅದು ಮಂತ್ರಿಗಳಿಗೆ, ಮಠಕ್ಕೆ, ಊರಿನ ಜನರಿಗೆ ಹಬ್ಬುವುದನ್ನೂ ಅವರು ಹಿಂಬಾಲಿಸುತ್ತಾರೆ. ಹೈದರ ಬರುವ ಮೊದಲೇ ಬಿದನೂರು ಸೋತಿರುತ್ತದೆ. ವೀರಮ್ಮಾಜಿಯನ್ನು ಕೇವಲ ದುಷ್ಟೆಯಾಗಿ ಚಿತ್ರಿಸದೆ, ಅವಳ ಒಂಟಿತನಕ್ಕೂ ಆಸೆಗೂ ಮಾಸ್ತಿ ಕಥೆಯಲ್ಲಿ ಎಡೆ ಕೊಟ್ಟಿದ್ದಾರೆ.

1956ರ ‘ಚಿಕವೀರ ರಾಜೇಂದ್ರ’ ಅವರ ಅತ್ಯುತ್ತಮ ಕಾದಂಬರಿ. ಕೊಡಗನ್ನು ಆಳಿದ ಹಾಲೇರಿ ಲಿಂಗಾಯತ ಅರಸರನ್ನು ಇಕ್ಕೇರಿಯ, ಎಂದರೆ ಕೆಳದಿಯ, ಮನೆತನದ ಕವಲು ಎಂದು ಪರಂಪರೆ ಹೇಳುತ್ತದೆ. ಹಾಗಾಗಿ ಮಾಸ್ತಿಯವರ ಎರಡು ಚಾರಿತ್ರಿಕ ಕಾದಂಬರಿಗಳು ಒಂದೇ ಬಳ್ಳಿಯ ಎರಡು ಕುಡಿಗಳು ಒಣಗಿದ ಕಥೆಗಳೂ ಹೌದು. ದೊಡ್ಡವೀರರಾಜೇಂದ್ರ ಕಟ್ಟಿ ನಿಲ್ಲಿಸಿದ ರಾಜ್ಯ ಅವನ ತಮ್ಮ ಲಿಂಗರಾಜನ ಕೈ ಸೇರಿ, 1820ರಲ್ಲಿ ಲಿಂಗರಾಜನ ಮಗ ಚಿಕವೀರರಾಜನಿಗೆ ಬಂತು. ಹದಿನಾಲ್ಕು ವರ್ಷದಲ್ಲಿ ಎಲ್ಲ ಮುಗಿಯಿತು. ಅರಸನ ಕ್ರೌರ್ಯಕ್ಕೆ ಹೆದರಿ ತಂಗಿ ದೇವಮ್ಮಾಜಿ, ಅವಳ ಗಂಡ ಚೆನ್ನಬಸವ 1832ರಲ್ಲಿ ಮೈಸೂರಿಗೆ ಓಡಿ ಇಂಗ್ಲಿಷರ ಆಶ್ರಯ ಪಡೆದರು. ಅವರನ್ನು ಒಪ್ಪಿಸಬೇಕೆಂದು ಅರಸ ಹಠ ಹಿಡಿದ, ಈಸ್ಟ್ ಇಂಡಿಯಾ ಕಂಪನಿಯ ದೂತನನ್ನು ಸೆರೆಯಲ್ಲಿಟ್ಟ. 1834ರ ಏಪ್ರಿಲಿನಲ್ಲಿ ಕಂಪನಿಯ ಪಡೆ ಮಡಿಕೇರಿಗೆ ಬಂತು. ಮೇ ತಿಂಗಳಲ್ಲಿ ಕೊಡಗು ಕಂಪನಿಯ ಆಳ್ವಿಕೆಗೆ ಸೇರಿತು.

ಚರಿತ್ರೆಯ ಈ ಒಣ ಸಾಲುಗಳನ್ನು ಮಾಸ್ತಿ ನೂರಾರು ಪುಟಗಳ ಮನುಷ್ಯ ವ್ಯವಹಾರವನ್ನಾಗಿ ಬಿಡಿಸುತ್ತಾರೆ. ಅರಸ ಕುಡುಕ, ಸ್ತ್ರೀಲಂಪಟ, ಸಂಶಯಗ್ರಸ್ತ. ಬಾಲ್ಯದಿಂದ ಅವನ ನೆರಳಾಗಿ ಬೆಳೆದ ಕುಂಟ ಬಸವ ಅವನ ಪಾಪಗಳಿಗೆಲ್ಲ ಕೈಯಾಗಿ ಮಂತ್ರಿಪದವಿಗೇರಿದವನು. ತಾನು ಯಾರ ಮಗನೆಂದು ತಿಳಿಯದ ಬಸವನ ಹುಟ್ಟಿನ ಗುಟ್ಟು ಕೊನೆಗೆ ಅರಮನೆಯ ಹಳೆಯ ಅಪರಾಧವೊಂದಕ್ಕೆ ಹೋಗಿ ಮುಟ್ಟುತ್ತದೆ. ರಾಣಿ ಗೌರಮ್ಮ ಗಂಡನ ಅವಮಾನಗಳನ್ನು ನುಂಗಿಕೊಂಡು ಅರಮನೆಯ ಮಾನವನ್ನೂ ಮಗಳನ್ನೂ ಕಾಯುತ್ತಾಳೆ. ಕನ್ನಡ ಕಾದಂಬರಿ ಕಂಡ ಘನವಾದ ಸ್ತ್ರೀಪಾತ್ರಗಳಲ್ಲಿ ಅವಳೊಬ್ಬಳು. ಅವಳ ಸಹನೆಯನ್ನು ಮಾಸ್ತಿ ತುಸು ಹೆಚ್ಚಾಗಿಯೇ ಎತ್ತಿ ಹಿಡಿದಿದ್ದಾರೆ ಎಂದು ಇಂದಿನ ಓದುಗರಿಗೆ ಅನಿಸಿದರೆ ತಪ್ಪಲ್ಲ.

ಕಾದಂಬರಿಯ ನಿಜವಾದ ಬಲವಿರುವುದು ಇಬ್ಬರು ಮಂತ್ರಿಗಳಲ್ಲಿ. ಬೋಪಣ್ಣ ಕೊಡವರ ಮುಖಂಡ, ನೇರ ನಡೆಯವನು. ಲಕ್ಷ್ಮೀನಾರಾಯಣಯ್ಯ ಬ್ರಾಹ್ಮಣ, ಸಮಾಧಾನಿ, ಕೊನೆಯ ಗಳಿಗೆಯವರೆಗೂ ಅರಸನನ್ನು ತಿದ್ದಬಹುದೆಂದು ನಂಬಿದವನು. ಅರಸ ಕೆಟ್ಟವನೆಂದು ಇಬ್ಬರಿಗೂ ಗೊತ್ತು. ನಾಡನ್ನು ಉಳಿಸಬೇಕೆಂದರೆ ಅರಸನನ್ನು ಇಳಿಸಬೇಕು. ಇಳಿಸಲು ಹೊರಗಿನ ಬಲ ಬೇಕು. ಆ ಬಲ ಬಂದರೆ ನಾಡೇ ಹೋಗುತ್ತದೆ. ಈ ಇಕ್ಕಟ್ಟಿಗೆ ಕಾದಂಬರಿ ಸುಲಭದ ದಾರಿ ತೋರಿಸುವುದಿಲ್ಲ. ಕಡತ, ಅರ್ಜಿ, ಸಂಧಾನ, ಪತ್ರವ್ಯವಹಾರಗಳ ನಡುವೆ ಬದುಕಿದ ಅಧಿಕಾರಿಯೊಬ್ಬರು ಬರೆದದ್ದರಿಂದಲೇ ಅಧಿಕಾರದ ಒಳಗಿನ ಈ ಹಿಂಜರಿಕೆಗಳು ಇಷ್ಟು ನಿಖರವಾಗಿವೆ. ಇಂಗ್ಲಿಷರ ಪತ್ರಗಳ ವಿನಯದ ಭಾಷೆಯ ಹಿಂದೆ ನುಂಗುವ ಲೆಕ್ಕಾಚಾರ ಹೇಗೆ ಕೆಲಸ ಮಾಡುತ್ತದೆಂಬುದನ್ನೂ ಅವರು ಯಾವ ಕೂಗಾಟವೂ ಇಲ್ಲದೆ ಬಯಲು ಮಾಡುತ್ತಾರೆ. ಕೊಡಗಿನ ಪತನಕ್ಕೆ ಒಬ್ಬನೇ ಹೊಣೆಗಾರ ಇಲ್ಲಿಲ್ಲ: ಅರಸನ ದುರ್ನಡತೆ, ಹಿರಿಯರ ಹಳೆಯ ಪಾಪ, ಒಳ್ಳೆಯವರ ತಡ, ಕಂಪನಿಯ ಹಸಿವು ಎಲ್ಲ ಸೇರಿವೆ.

ಪಟ್ಟ ಕಳೆದುಕೊಂಡ ಅರಸನ ಮುಂದಿನ ಬದುಕೂ ಕಾದಂಬರಿಯಲ್ಲಿದೆ. ಚರಿತ್ರೆಯಲ್ಲಿ ಅವನು ಕಾಶಿಯಲ್ಲಿ ವರ್ಷಗಟ್ಟಲೆ ಇದ್ದು, 1852ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋದ. ಅಲ್ಲಿ ಮಗಳು ಕ್ರೈಸ್ತಳಾದಳು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಕಂಪನಿಯಿಂದ ತನ್ನ ಹಣ ಬರಬೇಕೆಂದು ದಾವೆ ಹೂಡಿದ ಅರಸ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಮಗಳು ವಿಕ್ಟೋರಿಯಾ ಗೌರಮ್ಮ 1864ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ಸತ್ತಳು.

ಮಾಸ್ತಿಯವರ ನಂತರದ ‘ಶೇಷಮ್ಮ’ ಸಾಮಾಜಿಕ ವಸ್ತುವಿನದು, ಇಳಿವಯಸ್ಸಿನ ಬರಹ. ಹಿಂದಿನ ಎರಡು ಕಾದಂಬರಿಗಳ ಎತ್ತರಕ್ಕೆ ಅದು ಏರಲಿಲ್ಲ. ನಾಟಕಗಳಲ್ಲಿ ‘ಕಾಕನಕೋಟೆ’ಯನ್ನು ಕಾದಂಬರಿಗಳ ಜೊತೆಗಿಟ್ಟು ಓದಬಹುದು. ರಣಧೀರ ಕಂಠೀರವನ ಕಾಲದ ಕಾಡುಕುರುಬರು ಮತ್ತು ತೆರಿಗೆ ಕೇಳುವ ಅಧಿಕಾರದ ನಡುವಿನ ತಿಕ್ಕಾಟ ಅದರ ವಸ್ತು, ಸಿ.ಆರ್. ಸಿಂಹ ಅದನ್ನು 1977ರಲ್ಲಿ ಚಲನಚಿತ್ರವಾಗಿಸಿದರು. ‘ಯಶೋಧರಾ’, ‘ತಾಳೀಕೋಟೆ’ ಬೇರೆ ನಾಟಕಗಳು. ಷೇಕ್ಸ್‌ಪಿಯರನ ಹಲವು ನಾಟಕಗಳನ್ನು ಅವರು ಕನ್ನಡಿಸಿದರು. ‘ಬಿನ್ನಹ’ದಿಂದ ‘ಶ್ರೀರಾಮ ಪಟ್ಟಾಭಿಷೇಕ’ದವರೆಗೆ ಕಾವ್ಯ, ವಾಲ್ಮೀಕಿಯನ್ನು ಕುರಿತ ‘ಆದಿಕವಿ ವಾಲ್ಮೀಕಿ’, ‘ಭಾವ’ ಎಂಬ ಮೂರು ಸಂಪುಟಗಳ ಆತ್ಮಕಥೆ ಇವೆಲ್ಲ ಸೇರಿ ಅವರ ಕೃತಿಗಳು ನೂರನ್ನು ಮೀರುತ್ತವೆ.

ಬರೆದದ್ದಷ್ಟೇ ಅವರ ಕೆಲಸವಲ್ಲ. 1929ರಲ್ಲಿ ಬೆಳಗಾವಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಅವರಿಗೆ ನಲವತ್ತೂ ತುಂಬಿರಲಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷ ಸ್ಥಾನವನ್ನೂ ವಹಿಸಿದ್ದರು. ಧಾರವಾಡದಲ್ಲಿ ಆರಂಭವಾಗಿದ್ದ ‘ಜೀವನ’ ಮಾಸಪತ್ರಿಕೆಯನ್ನು ವಹಿಸಿಕೊಂಡು 1944ರಿಂದ 1965ರವರೆಗೆ ನಡೆಸಿದರು. ದ.ರಾ. ಬೇಂದ್ರೆಯವರಂಥ ಹೊಸ ಬರಹಗಾರರ ಬೆನ್ನಿಗೆ ನಿಂತರು; ಬೇಂದ್ರೆ ಅವರನ್ನು ಅಣ್ಣನೆಂದೇ ಕಂಡರು. ‘ಮಾಸ್ತಿ ಕನ್ನಡದ ಆಸ್ತಿ’ ಎಂಬ ಮಾತು ನಾಡಿನ ಬಾಯಲ್ಲಿ ನಿಂತದ್ದು ಇಂಥ ಹಿರಿತನದಿಂದ.

ನವ್ಯ ಸಾಹಿತ್ಯದ ಕಾಲದಲ್ಲಿ ಅವರ ಬಗ್ಗೆ ಆಕ್ಷೇಪಗಳೂ ಎದ್ದವು. ಬದುಕಿನ ಕರಾಳವನ್ನು ಅವರು ಪೂರ್ತಿ ನೋಡಲಿಲ್ಲ, ದೈವದ ಮೇಲಿನ ಭರವಸೆ ಪ್ರಶ್ನೆಗಳನ್ನು ಬೇಗ ಮುಚ್ಚಿಬಿಡುತ್ತದೆ ಎಂಬುದು ಅವುಗಳ ಸಾರ. ಕೆಲವು ಕಥೆಗಳಿಗೆ ಇದು ಸಲ್ಲುತ್ತದೆ. ಚಾರಿತ್ರಿಕ ಕಾದಂಬರಿಗಳಿಗೆ ಸಲ್ಲುವುದಿಲ್ಲ. ಶಿಶುಹತ್ಯೆ, ದ್ರೋಹ, ಬಂಧುವೈರಗಳನ್ನು ಅವು ಕಣ್ಣು ತಿರುಗಿಸದೆ ನೋಡುತ್ತವೆ. ‘ಚಿಕವೀರ ರಾಜೇಂದ್ರ’ದ ನಿಧಾನಗತಿ, ಪಾತ್ರಗಳ ದಟ್ಟಣೆ ಮಾತ್ರ ಮೊದಲ ಸಲ ಓದುವವರಿಂದ ತಾಳ್ಮೆ ಬೇಡುತ್ತವೆ.

ಸಣ್ಣಕಥೆಗಳಿಗಾಗಿ 1968ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1983ನೆಯ ಸಾಲಿಗೆ ಜ್ಞಾನಪೀಠ ಪ್ರಶಸ್ತಿ ಬಂದವು. ಕುವೆಂಪು, ಬೇಂದ್ರೆ, ಶಿವರಾಮ ಕಾರಂತರ ನಂತರ ಕನ್ನಡಕ್ಕೆ ಬಂದ ನಾಲ್ಕನೆಯ ಜ್ಞಾನಪೀಠ ಅದು. ‘ಚಿಕವೀರ ರಾಜೇಂದ್ರ’ದ ಹೆಸರು ಅದರೊಡನೆ ಸೇರಿಕೊಂಡಿದೆ. ಆ ಕಾದಂಬರಿಯನ್ನು ಕವಿ ರಾಮಚಂದ್ರ ಶರ್ಮ ಇಂಗ್ಲಿಷಿಗೆ ಅನುವಾದಿಸಿದರು. ಮಾಸ್ತಿ 1986ರ ಜೂನ್ 6ರಂದು, ತಮ್ಮ ತೊಂಬತ್ತೈದನೆಯ ಹುಟ್ಟುಹಬ್ಬದ ದಿನವೇ ಬೆಂಗಳೂರಿನಲ್ಲಿ ನಿಧನರಾದರು. ಅವರ ಕಾದಂಬರಿಗಳನ್ನು ಹೊಸದಾಗಿ ಓದಲು ತೊಡಗುವವರು ‘ಸುಬ್ಬಣ್ಣ’ದಿಂದ ಆರಂಭಿಸಿ, ಆಮೇಲೆ ‘ಚಿಕವೀರ ರಾಜೇಂದ್ರ’ಕ್ಕೆ ಬರುವುದು ಒಳ್ಳೆಯದು.