ಮೂರು ವರ್ಷದ ವಿದ್ಯಾರ್ಥಿ, ಮೂವತ್ತೆರಡು ವರ್ಷದ ಕೆಲಸ

ಕೆಲವು ದಿನಗಳ ಹಿಂದೆ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಗೆ ನಾಲ್ಕೈದು ಮಂದಿ ವಿದ್ಯಾರ್ಥಿಗಳು ಒಂದು ತಗಡಿನ ಡಬ್ಬಿ ಹಿಡಿದುಕೊಂಡು ಬಂದರು. ಡಬ್ಬಿಯ ನೆತ್ತಿಯಲ್ಲಿ ಕಾಸು ಹಾಕಲು ಒಂದು ಸೀಳು. ಮೈಮೇಲೆ ಅಂಟಿಸಿದ ಕಾಗದದಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ನಾಯಿಯೊಂದರ ಚಿತ್ರ. ಊರಾಚೆಯ ಪ್ರಾಣಿಗಳ ಆಶ್ರಯವೊಂದಕ್ಕೆ ಚಂದಾ ಎತ್ತಲು ಹೊರಟಿದ್ದರು. ಭಾನುವಾರಗಳಲ್ಲಿ ತಾವೇ ಅಲ್ಲಿಗೆ ಹೋಗಿ ಗೂಡು ತೊಳೆದು, ಅನ್ನ ಬೇಯಿಸಿ ಹಾಕಿ ಬರುತ್ತಾರಂತೆ. ನಮ್ಮಲ್ಲಿ ಹಿರಿಯರೊಬ್ಬರು ಕನ್ನಡಕವನ್ನು ಹಣೆಗೇರಿಸಿ, “ಮನುಷ್ಯರಿಗೇ ಹೊಟ್ಟೆಗಿಲ್ಲದ ಕಡೆ ನಾಯಿಗೇನಪ್ಪ ಚಂದಾ?” ಎಂದರು. ಹುಡುಗರು ಏನೋ ಹೇಳಹೊರಟಾಗ ಅವರೇ ಮುಂದುವರಿದು, “ಹೋಗಲಿ, ಪರೀಕ್ಷೆ ಮುಗಿಸಿ ನೀವೆಲ್ಲ ಹೊರಟುಹೋಗುತ್ತೀರಿ. ಆಮೇಲೆ ಆ ನಾಯಿಗಳನ್ನು ಕೇಳುವವರು ಯಾರು?” ಎಂದು ಎರಡನೆಯ ಪ್ರಶ್ನೆಯನ್ನೂ ಹಾಕಿದರು. ಕೇಳಿದ್ದು ಕೇಳಿ, ಜೇಬಿನಿಂದ ನೋಟೊಂದನ್ನು ತೆಗೆದು ಡಬ್ಬಿಗೂ ಹಾಕಿದರೆನ್ನಿ.

ನೋಟು ಬಿದ್ದರೂ ಪ್ರಶ್ನೆಗಳು ಹಾಗೆಯೇ ಉಳಿದವು. ಅವೆರಡಕ್ಕೂ ಒಂದು ಚರಿತ್ರೆಯುಂಟು.

ಮೊದಲನೆಯ ಪ್ರಶ್ನೆ ಬಹು ಹಳೆಯದು. 1860ರಲ್ಲಿ ಮೇರಿ ಟೀಲ್‌ಬಿ ಎಂಬ, ಅರವತ್ತರ ಸಮೀಪಕ್ಕೆ ಬಂದಿದ್ದ ಹೆಂಗಸು ಲಂಡನ್ ನಗರದ ಹಾಲೋವೇ ಎಂಬಲ್ಲಿ ದಾರಿತಪ್ಪಿದ, ಹಸಿದ ನಾಯಿಗಳಿಗಾಗಿ ಒಂದು ತಂಗುದಾಣವನ್ನು ತೆರೆದಳು. ಲಂಡನ್ನಿನ ಟೈಮ್ಸ್ ಪತ್ರಿಕೆ ಅದನ್ನು ಗೇಲಿಮಾಡಿ ಬರೆಯಿತು. ಮನೆಯಿಲ್ಲದ ಮಕ್ಕಳು ಬೀದಿಯಲ್ಲಿ ಮಲಗುತ್ತಿದ್ದ ನಗರದಲ್ಲಿ ನಾಯಿಗೊಂದು ಮನೆಯೇ? ನಮ್ಮ ಹಿರಿಯರು ಕೇಳಿದ ಪ್ರಶ್ನೆ ಬೇರೆಯೇನೂ ಅಲ್ಲ. ಆದರೆ ಎರಡು ವರ್ಷದ ಮೇಲೆ, 1862ರಲ್ಲಿ, ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ಪತ್ರಿಕೆಯಲ್ಲಿ ಆ ಮನೆಯನ್ನು ಮೆಚ್ಚಿಕೊಂಡು ಲೇಖನವೊಂದು ಬಂದಿತು. ನಕ್ಕವರು ನಿಧಾನವಾಗಿ ಕೊಡುವವರಾದರು. 1865ರಲ್ಲಿ ಟೀಲ್‌ಬಿ ತೀರಿಕೊಂಡಳು. ಮನೆ ಮಾತ್ರ ತೀರಲಿಲ್ಲ. 1871ರಲ್ಲಿ ಅದು ಬ್ಯಾಟರ್‌ಸೀ ಎಂಬ ಬಡಾವಣೆಗೆ ಸ್ಥಳಾಂತರವಾಗಿ ಇಂದಿಗೂ ನಡೆಯುತ್ತಿದೆ.

ಇದನ್ನು ಓದಿ, ಇಂಥ ಕೆಲಸಗಳೆಲ್ಲ ಪಶ್ಚಿಮದಿಂದ ನಮಗೆ ಬಂದವು ಎಂದು ಯಾರೂ ಭಾವಿಸಬೇಕಾಗಿಲ್ಲ. ಟೀಲ್‌ಬಿಗಿಂತ 26 ವರ್ಷ ಮೊದಲೇ ಮುಂಬಯಿ ಪಟ್ಟಣ ಈ ದಾರಿ ತುಳಿದಿತ್ತು. ಅಲ್ಲಿ ಬೀದಿನಾಯಿಗಳನ್ನು ಕೊಲ್ಲುವವರಿಗೆ ಇಂಗ್ಲಿಷರ ಸರ್ಕಾರ ತಲೆಗೆ ಎಂಟಾಣೆಯಂತೆ ಕೊಡುತ್ತಿತ್ತು. ಎಂಟಾಣೆಯ ಆಸೆಗೆ ಸಾಕಿದ ನಾಯಿಗೂ ಉಳಿಗಾಲವಿಲ್ಲದಂತಾದಾಗ, 1832ರ ಜೂನ್ ತಿಂಗಳಲ್ಲಿ ಪಾರಸಿಗಳು ಸಿಡಿದೆದ್ದರು. ಹಿಂದೂಗಳೂ ಜೈನರೂ ಅವರನ್ನು ಕೂಡಿಕೊಂಡರು. ಅಂಗಡಿ ಮುಂಗಟ್ಟುಗಳು ಮುಚ್ಚಿದವು. ಗಲಭೆಯನ್ನಡಗಿಸಲು ಸೈನ್ಯ ಬರಬೇಕಾಯಿತು. ಗಲಭೆ ಅಡಗಿದ ಮೇಲೆ ಉಳಿದದ್ದು ಒಂದು ಪಾಠ. ಕೊಲ್ಲಬೇಡಿರಿ ಎಂದರೆ ಸಾಲದು, ಸಾಕುವ ಹೊಣೆ ಯಾರಾದರೂ ಹೊರಬೇಕು. 1834ರಲ್ಲಿ ಸರ್ ಜಮ್‌ಶೇಟ್‌ಜಿ ಜೀಜೀಭಾಯಿ ಮತ್ತು ಅಮೀಚಂದ್ ಶಾ ಮುಂದೆ ನಿಂತು ಪಾಂಜರಪೋಳವನ್ನು ಕಟ್ಟಿದರು. ಅದರ ಖರ್ಚಿಗೆ ವರ್ತಕರು ತಮ್ಮ ಸರಕಿನ ಮೇಲೆ ತಾವೇ ಒಂದು ‘ಲಾಗಾ’ ಹಾಕಿಕೊಂಡರು. ಕರುಣೆ ಉಕ್ಕಿದ ದಿನ ಮಾತ್ರ ಕೊಡುವುದಲ್ಲ. ಸರಕು ಮಾರಿದ ಪ್ರತಿ ದಿನವೂ ಕೊಡುವುದು. ಈ ಸೂಕ್ಷ್ಮವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಈ ಎರಡು ಕಥೆಗಳಲ್ಲಿಯೂ ವಿದ್ಯಾರ್ಥಿಗಳು ಕಾಣುವುದಿಲ್ಲ. ಅವರು ರಂಗಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅದೂ ಎರಡು ಪಕ್ಷಗಳಾಗಿ. 1903ರ ಫೆಬ್ರವರಿಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಎಂಬ ಶರೀರಶಾಸ್ತ್ರಜ್ಞರು ವೈದ್ಯ ವಿದ್ಯಾರ್ಥಿಗಳ ಮುಂದೆ ಕಂದು ಬಣ್ಣದ ನಾಯಿಯೊಂದನ್ನು ಕೊಯ್ದು ಪಾಠ ಮಾಡಿದರು. ನೋಡುತ್ತಿದ್ದವರಲ್ಲಿ ಲಿಂಡ್ ಅಫ್ ಹಾಗೆಬಿ ಮತ್ತು ಶಾರ್ಟೌ ಎಂಬ ಇಬ್ಬರು ಸ್ವೀಡನ್ ದೇಶದ ವಿದ್ಯಾರ್ಥಿನಿಯರಿದ್ದರು. ನಾಯಿಗೆ ಸರಿಯಾಗಿ ಮತ್ತು ಬರಿಸಿರಲಿಲ್ಲವೆಂದು ಅವರು ಬರೆದರು; ಅದನ್ನು ನೆಚ್ಚಿ ಸ್ಟೀಫನ್ ಕೋಲರಿಜ್ ಎಂಬ ವಕೀಲರು ಸಭೆಯಲ್ಲಿ ಆಪಾದಿಸಿದರು. ಬೇಲಿಸ್ ಮಾನನಷ್ಟದ ದಾವೆ ಹೂಡಿ ಗೆದ್ದರು. 2,000 ಪೌಂಡು ಪರಿಹಾರವೂ ಅದರ ಮೇಲೆ ದಾವೆಯ ಖರ್ಚೂ ಕೋಲರಿಜರ ಹೆಗಲಿಗೆ ಬಿದ್ದವು. ಆಗ ಒಂದು ದಿನಪತ್ರಿಕೆ ಓದುಗರಿಂದ ಚಂದಾ ಎತ್ತಿ, ಕೆಲವೇ ತಿಂಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಪೌಂಡು ಕೂಡಿಸಿತು.

ಕಥೆ ಇಲ್ಲಿಗೇ ನಿಲ್ಲಲಿಲ್ಲ. 1906ರಲ್ಲಿ ಅದೇ ಬ್ಯಾಟರ್‌ಸೀಯಲ್ಲಿ ಆ ಕಂದು ನಾಯಿಗೊಂದು ವಿಗ್ರಹವೆದ್ದಿತು. ವಿಗ್ರಹದ ಪೀಠವೇ ಒಂದು ಅರವಟ್ಟಿಗೆ: ಮೇಲಿನ ನೀರು ಮನುಷ್ಯರಿಗೆ, ಕೆಳಗಿನ ತೊಟ್ಟಿ ಪ್ರಾಣಿಗಳಿಗೆ. ವೈದ್ಯ ವಿದ್ಯಾರ್ಥಿಗಳಿಗೆ ಇದು ತಮ್ಮ ಗುರುಗಳಿಗೆ ಮಾಡಿದ ಅವಮಾನವೆನಿಸಿತು. 1907ರ ನವೆಂಬರಿನಲ್ಲಿ ಕೆಲವರು ಸುತ್ತಿಗೆ ಹಿಡಿದು ಹೋಗಿ ಸಿಕ್ಕಿಬಿದ್ದರು. ಡಿಸೆಂಬರ್ 10ರಂದು ಸುಮಾರು ಸಾವಿರ ಮಂದಿ ನಾಯಿಯ ಬೊಂಬೆಗಳನ್ನು ಕೋಲಿಗೆ ಸಿಕ್ಕಿಸಿಕೊಂಡು ಲಂಡನ್ನಿನ ನಡುಬೀದಿಯಲ್ಲಿ ಮೆರವಣಿಗೆ ಹೊರಟು ಪೋಲೀಸರೊಡನೆ ಸೆಣಸಿದರು. ಕಂಚಿನ ನಾಯಿಯನ್ನು ಕಾಯಲು ಹಗಲಿರುಳು ಪಹರೆ ಬೇಕಾಯಿತು. ಕಡೆಗೆ 1910ರ ಮಾರ್ಚ್ ತಿಂಗಳ ಒಂದು ರಾತ್ರಿ, ನೂರಿಪ್ಪತ್ತು ಪೋಲೀಸರ ಕಾವಲಿನಲ್ಲಿ, ವಿಗ್ರಹವನ್ನು ಕಿತ್ತು ಸಾಗಿಸಿದರು. ಅದರ ಬದಲಿಗೆ ಇನ್ನೊಂದು ನಿಂತದ್ದು 1985ರಲ್ಲಿ.

ಇಲ್ಲಿ ಒಂದು ಪಕ್ಷವನ್ನು ರಾಕ್ಷಸರೆಂದು ಕರೆದುಬಿಡುವುದು ಸುಲಭ, ನ್ಯಾಯವಲ್ಲ. ಬೇಲಿಸ್ ಸಾಮಾನ್ಯರಲ್ಲ, 1902ರಲ್ಲಿ ಸ್ಟಾರ್ಲಿಂಗ್ ಅವರೊಡನೆ ‘ಸೀಕ್ರೆಟಿನ್’ ಎಂಬ ದೇಹರಸವನ್ನು ಕಂಡುಹಿಡಿದು, ಹಾರ್ಮೋನುಗಳ ಶಾಸ್ತ್ರಕ್ಕೆ ತಳಪಾಯ ಹಾಕಿದವರು. ತಮಗೆ ಬಂದ ಪರಿಹಾರದ ಹಣವನ್ನು ಅವರು ಸಂಶೋಧನೆಗೇ ಕೊಟ್ಟರು. ವಿದ್ಯಾರ್ಥಿಗಳು ಮೆರವಣಿಗೆ ಹೊರಟ ಅದೇ 1907ರಲ್ಲಿ ನಮ್ಮ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ಹುಚ್ಚುನಾಯಿ ಕಡಿದವರ ಪ್ರಾಣ ಉಳಿಸಿದ ಆ ಲಸಿಕೆಯೂ ಪ್ರಾಣಿಗಳ ಮೇಲಿನ ಪ್ರಯೋಗದಿಂದಲೇ ಬಂದದ್ದು. ಜ್ಞಾನವೊಂದು ಕಡೆ, ಕರುಣೆಯೊಂದು ಕಡೆ ನಿಂತು ಬೀದಿಯಲ್ಲಿ ಬಡಿದಾಡಿದ್ದೇ ಆ ಕಾಲದ ದುರಂತ. ಏಳು ವರ್ಷದ ಈ ಗದ್ದಲದಿಂದ ಬ್ಯಾಟರ್‌ಸೀಯ ನಾಯಿಗಳಿಗೆ ಒಂದು ತುತ್ತೂ ಹೆಚ್ಚಾಗಲಿಲ್ಲ.

ಇವೆರಡನ್ನೂ ಕೂಡಿಸುವ ಕೆಲಸ ಅದೇ ಲಂಡನ್ನಿನಲ್ಲಿಯೇ, ವಿಶ್ವವಿದ್ಯಾನಿಲಯದ ಒಳಗಿನಿಂದಲೇ ಹುಟ್ಟಿತು. 1926ರಲ್ಲಿ ಮೇಜರ್ ಚಾರ್ಲ್ಸ್ ಹ್ಯೂಮ್ ಎಂಬವರು ಲಂಡನ್ ವಿಶ್ವವಿದ್ಯಾನಿಲಯದ ಪ್ರಾಣಿಹಿತ ಸಂಘವನ್ನು ಆರಂಭಿಸಿದರು. ಪ್ರಾಣಿಗಳ ಪರವಾಗಿ ಮಾತನಾಡುವವನಿಗೆ ಪ್ರಾಣಿಗಳ ವಿಷಯ ಗೊತ್ತಿರಬೇಕು. ಕಣ್ಣೀರಿಗಿಂತ ತಿಳಿವಳಿಕೆ ಮುಖ್ಯ ಎಂಬುದು ಅವರ ನಿಲುವು. ಮೊಲ ಹಿಡಿಯಲು ರೈತರು ಒಡ್ಡುತ್ತಿದ್ದ ಹಲ್ಲಿನ ಕಬ್ಬಿಣದ ಬೋನು ಪ್ರಾಣಿಯ ಕಾಲನ್ನು ಕಚ್ಚಿಹಿಡಿದು ಗಂಟೆಗಟ್ಟಲೆ ನರಳಿಸುತ್ತಿತ್ತು. ಸಂಘದವರು ಅದರ ವಿರುದ್ಧ ಕೂಗಿದ್ದಷ್ಟೇ ಅಲ್ಲ, ರೈತನ ಬೆಳೆಯೂ ಉಳಿಯುವಂಥ ಬೇರೆ ಉಪಾಯಗಳನ್ನು ಹುಡುಕಿದರು. 1938ರಲ್ಲಿ ಸಂಘ ಬೆಳೆದು ಎಲ್ಲ ವಿಶ್ವವಿದ್ಯಾನಿಲಯಗಳ ಒಕ್ಕೂಟವಾಯಿತು. 1947ರಲ್ಲಿ ಪ್ರಯೋಗಾಲಯದ ಪ್ರಾಣಿಗಳನ್ನು ಹೇಗೆ ನೋಡಿಕೊಳ್ಳಬೇಕೆಂಬ ಕೈಪಿಡಿಯನ್ನು ತಂದಿತು. ಅದರ ಆಶ್ರಯದಲ್ಲಿ ದುಡಿದ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು 1959ರಲ್ಲಿ ಒಂದು ಗ್ರಂಥ ಬರೆದು, ಸಾಧ್ಯವಿದ್ದಲ್ಲಿ ಪ್ರಾಣಿಯ ಬದಲು ಬೇರೆ ಸಾಧನ, ಆಗದಿದ್ದರೆ ಕಡಮೆ ಪ್ರಾಣಿಗಳು, ಇದ್ದಷ್ಟಕ್ಕೂ ಕಡಮೆ ನೋವು ಎಂಬ ಮೂರು ಸೂತ್ರಗಳನ್ನು ಮುಂದಿಟ್ಟರು. ಇಂದು ಲೋಕದ ಪ್ರಯೋಗಾಲಯಗಳು ಒಪ್ಪಿಕೊಂಡಿರುವ ಸೂತ್ರಗಳು ಇವೇ. ಬೋನಿನ ಕಥೆಯೇನಾಯಿತು? ಇಂಗ್ಲೆಂಡಿನಲ್ಲಿ ಅದರ ನಿಷೇಧ ಜಾರಿಗೆ ಬಂದದ್ದು 1958ರಲ್ಲಿ. ಸಂಘ ಹುಟ್ಟಿ ಮೂವತ್ತೆರಡು ವರ್ಷವಾಗಿತ್ತು.

ಮೂವತ್ತೆರಡು ಎಂಬ ಅಂಕೆ ನಮ್ಮ ನೆರೆಯ ಮದರಾಸಿನಲ್ಲಿಯೂ ಎದುರಾಗುತ್ತದೆ. ಬೆಂಗಳೂರಿನ ಜಕ್ಕೂರು ವಿಮಾನ ತರಬೇತಿ ಶಾಲೆಯಲ್ಲಿ ಹಿಂದೆ ಮುಖ್ಯಸ್ಥರಾಗಿದ್ದ ಕ್ಯಾಪ್ಟನ್ ವಿ. ಸುಂದರಂ 1959ರಲ್ಲಿ ಮಳೆನೀರಿನಲ್ಲಿ ಸಿಲುಕಿದ ಎರಡು ನಾಯಿಮರಿಗಳನ್ನು ಮನೆಗೆ ತಂದರು. ಹೆಂಡತಿ ಮಕ್ಕಳೊಡನೆ ಅವರು ಆರಂಭಿಸಿದ ಆ ಕೆಲಸವೇ ‘ಬ್ಲೂ ಕ್ರಾಸ್’ ಸಂಸ್ಥೆಯಾಗಿ 1964ರಲ್ಲಿ ನೋಂದಣಿಯಾಯಿತು. ಬೀದಿನಾಯಿಗಳನ್ನು ಎಷ್ಟು ಕೊಂದರೂ ಅವುಗಳ ಸಂಖ್ಯೆ ಇಳಿಯುತ್ತಿಲ್ಲ. ಕೊಲ್ಲುವುದನ್ನು ಬಿಟ್ಟು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಹುಚ್ಚಿನ ವಿರುದ್ಧ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿರಿ ಎಂದು ಅವರು ಆಗಲೇ ಹೇಳಿದರು. ನಗರಸಭೆ ಆ ಮಾತಿಗೆ ಕಿವಿಗೊಟ್ಟದ್ದು 1996ರಲ್ಲಿ. ಇಲ್ಲಿಯೂ ಮೂವತ್ತೆರಡು ವರ್ಷ! ಈ ನಡುವೆ ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆ ಬಂದಿತ್ತು. 1976ರ ತಿದ್ದುಪಡಿಯಿಂದ ಜೀವಿಗಳಲ್ಲಿ ದಯೆಯಿಡುವುದು ಪ್ರಜೆಯ ಕರ್ತವ್ಯಗಳಲ್ಲೊಂದೆಂದು ಸಂವಿಧಾನವೂ ಹೇಳಿತ್ತು. 2001ರಲ್ಲಿ ನಾಯಿಗಳ ಸಂತಾನ ನಿಯಂತ್ರಣಕ್ಕೆ ಇಡೀ ದೇಶಕ್ಕೆ ನಿಯಮಗಳಾದವು. 2023ರಲ್ಲಿ ಅವುಗಳ ಬದಲಿಗೆ ಹೊಸವು ಬಂದವು.

ಈಗ ನಮ್ಮ ಹಿರಿಯರ ಪ್ರಶ್ನೆಗಳಿಗೆ ಬರೋಣ. ನಾಯಿಗೇಕೆ ಚಂದಾ? ಆಶ್ರಯಕ್ಕೆ ಕೊಟ್ಟ ಹಣ ನಾಯಿಯ ಹೊಟ್ಟೆಯಲ್ಲಿಯೇ ಮುಗಿಯುವುದಿಲ್ಲ. ಹುಚ್ಚುನಾಯಿ ಕಡಿತದ ರೋಗ ಒಮ್ಮೆ ತಲೆಯೆತ್ತಿತೆಂದರೆ ಬದುಕುವವರು ಇಲ್ಲವೆಂದೇ ಹೇಳಬೇಕು; ಬರಿಗಾಲಿನಲ್ಲಿ ಬೀದಿಯಲ್ಲಾಡುವ ಬಡವರ ಮಕ್ಕಳೇ ಹೆಚ್ಚಾಗಿ ಅದಕ್ಕೆ ಬಲಿ. ತಾಯಿತಂದೆಗಳಿಗೆ ನಾಯಿಯ ಭಯವಿದ್ದರೆ ಅದನ್ನು ಕಟುಕತನವೆಂದು ಹಳಿಯಬಾರದು. ಒಂದು ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕಾದರೂ ಲಸಿಕೆ ಬಿದ್ದರೆ ಆ ಊರಿನಲ್ಲಿ ರೋಗದ ಸರಪಳಿ ಕಡಿಯುತ್ತದೆ. ಆಶ್ರಯದ ಚಂದಾದಲ್ಲಿ ಮನುಷ್ಯನ ಮಗುವಿನ ಪಾಲೂ ಇದೆ. ಆದರೆ ಹಳೆಯ ನಾಯಿಗಳು ಸಾಯುತ್ತವೆ, ಹೊಸ ಮರಿಗಳು ಹುಟ್ಟುತ್ತವೆ. ಲಸಿಕೆಯ ಬಲ ತೀರುತ್ತದೆ. ಈ ವರ್ಷ ಮಾಡಿದ ಕೆಲಸವನ್ನು ಮುಂದಿನ ವರ್ಷ ಬಿಟ್ಟರೆ ಮಾಡಿದ್ದೂ ನೀರಿನಲ್ಲಿ ಹೋಮ.

ಆದ್ದರಿಂದ ಎರಡನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ. ವಿದ್ಯಾರ್ಥಿ ಕಾಲೇಜಿನಲ್ಲಿರುವುದು ಮೂರು ವರ್ಷ. ಕೆಲಸ ಕೇಳುವುದು ಮೂವತ್ತೆರಡು. ಬೆಂಗಳೂರಿನಲ್ಲಿ ‘ಕ್ಯೂಪಾ’ ಎಂಬ ಪ್ರಾಣಿದಯಾ ಸಂಸ್ಥೆ ಹುಟ್ಟಿದ್ದು 1991ರಲ್ಲಿ. ದಿಲ್ಲಿಯಲ್ಲೊಂದು, ಜಯಪುರದಲ್ಲೊಂದು ಆಶ್ರಯ ಕಟ್ಟಿ ಬಂದ ಕ್ರಿಸ್ಟಲ್ ರಾಜರ್ಸ್ ಎಂಬ ಇಂಗ್ಲಿಷ್ ಮಹಿಳೆ ಅದನ್ನು ಆರಂಭಿಸಿದಾಗ ಆಕೆಗೆ ಎಂಬತ್ತೈದರ ವಯಸ್ಸು. ಐದು ವರ್ಷದಲ್ಲಿ ಆಕೆ ತೀರಿಕೊಂಡರು, ಸಂಸ್ಥೆ ಉಳಿಯಿತು. ತನಗಿರುವ ಕಾಲ ಕೊಂಚವೆಂದು ತಿಳಿದವರು ಮಾಡುವ ಮೊದಲ ಕೆಲಸವೆಂದರೆ ಹೊರೆಯನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುವುದು. ಎಂಬತ್ತೈದರವರಿಗೂ ಇಪ್ಪತ್ತರವರಿಗೂ ಈ ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. 1969ರಲ್ಲಿ 37 ವಿಶ್ವವಿದ್ಯಾನಿಲಯಗಳ 40,000 ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ವರ್ಷವರ್ಷವೂ ಹುಡುಗರು ಹೊರಟುಹೋಗುತ್ತಲೇ ಇದ್ದಾರೆ, ಯೋಜನೆ ನಿಂತಿಲ್ಲ. ಹೊಳೆಯ ನೀರು ಹರಿದುಹೋಗುತ್ತದೆಂದು ಹೊಳೆ ಬತ್ತುತ್ತದೆಯೆ?

ಈ ಹೊರೆ ದಾಟಿಸುವ ಕೆಲಸದಲ್ಲಿ ಅಧ್ಯಾಪಕರಾದ ನಮ್ಮ ಪಾಲೂ ಇದೆ. ಹುಡುಗರು ಬದಲಾಗುತ್ತಾರೆ, ನಾವು ಅಲ್ಲಿಯೇ ಇರುತ್ತೇವೆ. ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ, ರೈಸ್ ಸಾಹೇಬರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನವಿದೆ. ಜೀವಿಗಳಲ್ಲಿ ದಯೆಯಿರಬೇಕೆಂದು ಹೇಳಿದ ಆ ಬಂಡೆಯೇ, ಅದೇ ಉಸಿರಿನಲ್ಲಿ, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂದೂ ಹೇಳುತ್ತದೆ. ಎರಡನೆಯ ಮಾತನ್ನು ನಾವು ಪಾಠದಲ್ಲಿ ಒತ್ತಿ ಹೇಳುವುದುಂಟು. ಮೊದಲನೆಯದನ್ನು ಈಗ ಶಿಷ್ಯರೇ ಡಬ್ಬಿ ಹಿಡಿದು ಬಂದು ನಮಗೆ ನೆನಪು ಮಾಡಿಕೊಡುತ್ತಿದ್ದಾರೆ.

ಅಂದು ಹುಡುಗರು ಹೊರಡುವಾಗ, ಅವರಲ್ಲೊಬ್ಬಳು ನಮ್ಮ ಹಿರಿಯರ ಮೇಜಿನ ಮೇಲೆ ಒಂದು ನೋಟುಪುಸ್ತಕ ತೆರೆದಿಟ್ಟಳು. ಮೊದಲ ಪುಟಗಳಲ್ಲಿ ಹಣ ಕೊಟ್ಟವರ ಲೆಕ್ಕ. ಕೊನೆಯ ಪುಟದಲ್ಲಿ ಮೊದಲ ವರ್ಷದ ಹನ್ನೊಂದು ಮಂದಿಯ ಹೆಸರು, ಪ್ರತಿಯೊಂದರ ಎದುರಿಗೆ ಒಂದೊಂದು ಭಾನುವಾರದ ತಾರೀಖು. “ಮುಂದಿನ ವರ್ಷ ಇವರು ಬರುತ್ತಾರೆ ಸಾರ್,” ಎಂದಳು. ಹಿರಿಯರು ಕನ್ನಡಕವಿಳಿಸಿ ಹೆಸರುಗಳನ್ನು ಒಂದೊಂದಾಗಿ ಓದಿದರು. ಓದಿ, ಡಬ್ಬಿಯನ್ನು ಇನ್ನೊಮ್ಮೆ ಹತ್ತಿರಕ್ಕೆ ಕೇಳಿದರು.